ಕೊನೆಗೆ ಎರಡು ಬಿಲ್ಲೆ ಮಾತ್ರ ಉಲ್ಟಾ ಉಳಿದ್ರೆ

ಹೋದ ಸಂಚಿಕೇಲಿ ಸಿಕ್ಸ್‌ಟೀನ್ ಅನ್ನೋ ಕಂಪ್ಯೂಟರ್ ಪಜಲ್ ಬಗ್ಗೆ ಒಂದು ಪುಟ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳನ್ನ ನೋಡಿ ತುಂಬಾ ಖುಷಿ ಆಯ್ತು, ಅದಕ್ಕೇ ಈ ಸಲದ ಪ್ರಶ್ನೋತ್ತರ ಪೂರ್ತಿ ಆ ಆಟಕ್ಕೇ ಬಿಟ್ಟಿದೀನಿ. ಓದದೇ ಇದ್ದೋರಿಗೆ ಎರಡು ಮಾತು: ನಾಲ್ಕು ಅಡ್ಡಸಾಲು, ನಾಲ್ಕು ಕಂಬಸಾಲು, ಒಟ್ಟು 16 ಬಿಲ್ಲೆ, ಮೇಲೆ 1ರಿಂದ 16ರ ತನಕ ನಂಬರು, ಎಲ್ಲಾ ಕಲಸಿಹೋಗಿರುತ್ತೆ, ವರಸೆಯಾಗಿ ಜೋಡಿಸ್ಬೇಕು. ಖಾಲಿ ಮನೆ ಒಂದೂ ಇಲ್ಲ. ಒಂದೇ ಒಂದು ಬಿಲ್ಲೆ ಎತ್ತಿ ಇಡೋಕಾಗಲ್ಲ, ಸರಿಸಿದ್ರೆ ಇಡೀ ಸಾಲೇ ಸರಿಯುತ್ತೆ, ಈ ತುದೀಲಿ ಆಚೆ ಬಿದ್ದ ಬಿಲ್ಲೆ ಆ ತುದೀಲಿ ಒಳಗೆ ಬರುತ್ತೆ, ಜಪಸರ ತಿರುಗಿಸ್ದಂಗೆ. ಅಷ್ಟೇ ನಿಯಮ.

ಪ್ರಶ್ನೆ: ನಾನು ಚಿಕ್ಕೋನಿದ್ದಾಗ ಜಾತ್ರೇಲಿ ಅಂಗೈ ಅಗಲದ ಪ್ಲಾಸ್ಟಿಕ್ ಆಟ ಸಿಗ್ತಿತ್ತು, ನಂಬರಿನ ಬಿಲ್ಲೆಗಳನ್ನ ಬೆರಳಲ್ಲಿ ತಳ್ಳೋದು. ನೀವು ಹೇಳ್ತಿರೋದು ಅದೇ ತಾನೇ? (ಶಿವಮೊಗ್ಗದಿಂದ)

ಉತ್ತರ: ಅದರ ತಮ್ಮ ಅನ್ನಿ. ಜಾತ್ರೇದು ಹದಿನೈದರ ಆಟ, ಅಂದ್ರೆ 15 ಬಿಲ್ಲೆ ಒಂದು ಖಾಲಿ ಮನೆ, ಆ ಖಾಲಿ ಮನೆ ಪಕ್ಕದ ಬಿಲ್ಲೆ ಮಾತ್ರ ತಳ್ಳಬಹುದು. ಅದನ್ನ ಮಾಡಿದ್ದು ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಕ್ಯಾನಸ್ಟೋಟ ಅನ್ನೋ ಊರಿನ ಪೋಸ್ಟ್‌ಮಾಸ್ಟರ್ ನಾಯ್ಸ್ ಚಾಪ್‌ಮನ್, 1870ರ ದಶಕದಲ್ಲಿ. 1880ರ ಹೊತ್ತಿಗೆ ಅಮೆರಿಕ ಯೂರೋಪು ಎರಡೂ ಕಡೆ ಜನಕ್ಕೆ ಅದರ ಹುಚ್ಚು ಹಿಡಿದಿತ್ತು. ಆಮೇಲೆ ಸ್ಯಾಮ್ ಲಾಯ್ಡ್ ಅಂತ ಇನ್ನೊಬ್ಬರು, ದೊಡ್ಡ ಪಜಲ್‌ಗಾರರೇ, 1891ರಿಂದ ಸಾಯೋ ತನಕ ಅದು ತನ್ನದೇ ಅಂತ ಹೇಳ್ಕೊಂಡ್ರು, ಹಂಗಾಗಿ ಎಷ್ಟೋ ಕಡೆ ಅವರ ಹೆಸರೇ ಉಳ್ಕೊಂಡ್ಬಿಟ್ಟಿದೆ. ಆ ಪೋಸ್ಟ್‌ಮಾಸ್ಟರ್ ಹೆಸರನ್ನ ನಾವಾದ್ರೂ ಹೇಳೋಣ ಅನ್ನೋದು ನನ್ನಾಸೆ.

ನಾನು ಬರೆದ ಸಿಕ್ಸ್‌ಟೀನ್ ಇರೋದು ಇಂಗ್ಲೆಂಡಿನ ಪ್ರೋಗ್ರಾಮರ್ ಸೈಮನ್ ಟಾಥಮ್ ಅವರ ಪಜಲ್ ಸಂಗ್ರಹದಲ್ಲಿ. ಸರ್ವರ್ ಕೆಲಸ ಮಾಡೋರಿಗೆಲ್ಲ ಗೊತ್ತಿರೋ ಪುಟ್ಟಿ ಅನ್ನೋ ಸಾಫ್ಟ್‌ವೇರ್ ಬರೆದಿದ್ದೂ ಇವರೇ. ಈ ಆಟ ಹೆಂಗೆ ಹುಟ್ತು ಅಂತ ಅವರೇ ಬರ್ಕೊಂಡಿದಾರೆ: ಯಾವುದೋ ಸ್ಕ್ರೀನ್‌ಸೇವರ್ ನೋಡಿದ ನೆನಪಲ್ಲಿ ಅದನ್ನೇ ಅನುಕರಿಸ್ತಿದೀನಿ ಅಂದ್ಕೊಂಡು ಮಾಡಿದ್ರಂತೆ, ಆಮೇಲೆ ಯೋಚಿಸಿದ್ರೆ ಆ ಸ್ಕ್ರೀನ್‌ಸೇವರ್ ಬಹುಶಃ ಹಳೇ ಹದಿನೈದರ ಆಟದ್ದೇ ಇರ್ಬೇಕು ಅನ್ನಿಸ್ತಂತೆ. ಅಂದ್ರೆ ನೆನಪು ತಪ್ಪಿ ಹೊಸ ಆಟ ಆಯ್ತು. ಬೇರೆಯವರಿಗೂ ಇದು ಸ್ವತಂತ್ರವಾಗಿ ಹೊಳೆದೇ ಇರುತ್ತೆ ಅಂತಲೂ ಅವರೇ ಹೇಳ್ತಾರೆ. ನನಗೆ ಈ ಪ್ರಾಮಾಣಿಕತೆ ಬಹಳ ಹಿಡಿಸ್ತು.

ಪ್ರಶ್ನೆ: ಒಂದನ್ನ ಸರಿ ಮಾಡಿದ್ರೆ ಇನ್ನೊಂದು ಕೆಡುತ್ತೆ. ಮೊದಲನೇ ಸಾಲೇ ಪೂರ್ತಿ ಆಗ್ತಿಲ್ಲ, ಎಲ್ಲಿಂದ ಶುರು ಮಾಡ್ಲಿ? (ಮೈಸೂರಿಂದ)

ಉತ್ತರ: ಮೇಲಿನ ಸಾಲಿಂದ ಶುರು ಮಾಡಿ, ಕಂಬಸಾಲನ್ನ ಲಿಫ್ಟ್ ಅಂದ್ಕೊಳ್ಳಿ. ಉದಾಹರಣೆಗೆ ಮೇಲೆ 1, 2, 3 ಕೂತಿವೆ, ನಾಲ್ಕನೇ ಮನೆಗೆ 4 ಬೇಕು, ಆದ್ರೆ 4 ಮೂರನೇ ಅಡ್ಡಸಾಲಲ್ಲಿ ಎಲ್ಲೋ ಇದೆ. ಆ ಸಾಲನ್ನ ಎಳ್ಕೊಂಡು ಬಂದು ಸೀದಾ ಕಂಬ ಮೇಲೆತ್ತಿದ್ರೂ ಈ ಮೊದಲನೇ ಸಾಲಿಗೆ ನಡೆಯುತ್ತೆ, ಆದ್ರೆ ಎರಡನೇ, ಮೂರನೇ ಸಾಲಲ್ಲಿ ಹಂಗೆ ಮಾಡಿದ್ರೆ ಮೇಲೆ ಜೋಡಿಸಿಟ್ಟಿದ್ದು ಕೆಡುತ್ತೆ. ಹಂಗಾಗಿ ಶುರುವಿಂದ್ಲೇ ಎಲ್ಲಾ ಸಾಲಿಗೂ ಆಗೋ ದಾರಿ ಹಿಡೀರಿ, ಲಿಫ್ಟನ್ನ ಮೊದಲು ಕೆಳಗಿಳಿಸಿ: ನಾಲ್ಕನೇ ಕಂಬಸಾಲನ್ನ ಎರಡು ಸಲ ಕೆಳಕ್ಕೆ. ಈಗ ಮೇಲಿನ ಸಾಲಿನ ಆ ಮನೆ ಮೂರನೇ ಮಹಡೀಲಿದೆ. ಮೂರನೇ ಅಡ್ಡಸಾಲನ್ನ ಸರಿಸ್ತಾ 4ನ್ನ ಆ ಮನೆಗೇ ತಂದು ನಿಲ್ಲಿಸಿ. ಆಮೇಲೆ ಲಿಫ್ಟ್ ಎರಡು ಸಲ ಮೇಲಕ್ಕೆ. 4 ಬಂದು ತನ್ನ ಜಾಗದಲ್ಲಿ ಕೂತಿರುತ್ತೆ, 1, 2, 3ಕ್ಕೆ ಏನೂ ಆಗಿರಲ್ಲ, ಯಾಕಂದ್ರೆ ಮೇಲಿನ ಅಡ್ಡಸಾಲನ್ನ ನಾವು ಮುಟ್ಟೇ ಇಲ್ಲ.

ಎರಡು ಎಚ್ಚರಿಕೆ. ಬೇಕಾದ ಬಿಲ್ಲೆ ಅದೇ ಕಂಬದಲ್ಲಿ ಕೆಳಗಿದ್ರೆ ಲಿಫ್ಟ್ ಜತೆ ಅದೂ ಇಳಿದು ಹೋಗುತ್ತೆ, ಹಂಗಾಗಿ ಮೊದಲು ಅದು ಇರೋ ಅಡ್ಡಸಾಲನ್ನ ಒಂದು ಮನೆ ಸರಿಸಿ ಪಕ್ಕಕ್ಕೆ ಕಳಿಸಿ. ಬೇಕಾದ ಬಿಲ್ಲೆ ಅದೇ ಅಡ್ಡಸಾಲಲ್ಲಿ ಬೇರೆ ಮನೇಲಿದ್ರೆ, ಅದು ಇರೋ ಕಂಬಸಾಲನ್ನ ಒಂದು ಸಲ ಇಳಿಸಿ, ಕೆಳಗಿನ ಅಡ್ಡಸಾಲನ್ನ ಒಂದು ಮನೆ ಸರಿಸಿ, ಕಂಬನ ಮತ್ತೆ ಮೇಲೆತ್ತಿ, ಬಿಲ್ಲೆ ಕೆಳಗಿನ ಸಾಲಿಗೆ ಹೋಗಿರುತ್ತೆ. ಇದೇ ಥರ ಎರಡನೇ ಸಾಲು, ಮೂರನೇ ಸಾಲು. 12ರ ತನಕ ಇಷ್ಟೇ ಸಾಕು, ಬೇರೆ ಯಾವ ಉಪಾಯನೂ ಬೇಡ. ಕೊನೇ ಸಾಲಲ್ಲಿ 13, 14, 15, 16 ಯಾವ ಕ್ರಮದಲ್ಲಾದ್ರೂ ಇರಬಹುದು, ಒಟ್ಟು 24 ಥರ, ಅದ್ರಲ್ಲಿ ನಾಲ್ಕು ಬರೀ ಸರಿಸಿದ್ರೆ ಸರಿಹೋಗೋವು. ಅಂದ್ರೆ ಆರರಲ್ಲಿ ಒಂದು ಸಲ ಅದೃಷ್ಟ, ಇನ್ನೈದು ಸಲ ಮುಂದಿನ ಉತ್ತರ ಓದ್ಬೇಕು.

ಪ್ರಶ್ನೆ: ಸರ, ಎಲ್ಲಾ ಬರೋಬ್ಬರಿ ಕುಂತಾವ, ಕಡೀಕ 15 ಮತ್ತ 16 ಅಷ್ಟ ಅದಲು ಬದಲು ಆಗ್ಯಾವ. ಒಂದು ವಾರದಿಂದ ಹೊಡದಾಡಾಕತ್ತೀನಿ, ಆಗವಲ್ದು. ಕಂಪ್ಯೂಟರ್‌ನಾಗ ಏನರ ದೋಷ ಐತೇನು? (ಹುಬ್ಬಳ್ಳಿಯಿಂದ)

ಉತ್ತರ: ದೋಷ ಇಲ್ಲ ಸರ್, ನೀವು ಕರೆಕ್ಟಾಗಿ ಆಟದ ಹೃದಯಕ್ಕೇ ಬಂದು ನಿಂತಿದೀರಿ. ಇದೇ ಪ್ರಶ್ನೆ ಬೇರೆ ಬೇರೆ ಊರಿಂದ ಎಲ್ಲಕ್ಕಿಂತ ಜಾಸ್ತಿ ಬಂದಿದೆ, ಹಂಗಾಗಿ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಕೈಯಲ್ಲಿ ಆಟ ಇಟ್ಕೊಂಡೇ ಓದಿ.

ಮೊದಲು ಒಂದು ಪ್ರಯೋಗ. 1ರಿಂದ 16ರ ತನಕ ಸರಿಯಾಗಿ ಜೋಡಿಸಿದ ಆಟ ತಗೊಳ್ಳಿ. ಮೇಲಿನ ಅಡ್ಡಸಾಲು ಬಲಕ್ಕೆ ಒಂದು ಸಲ, ಎಡಗಡೆ ಮೊದಲ ಕಂಬಸಾಲು ಕೆಳಕ್ಕೆ ಒಂದು ಸಲ, ಮತ್ತೆ ಅದೇ ಅಡ್ಡಸಾಲು ಎಡಕ್ಕೆ, ಅದೇ ಕಂಬಸಾಲು ಮೇಲಕ್ಕೆ. ಬಲ, ಕೆಳಗೆ, ಎಡ, ಮೇಲೆ. ಹೋದ ದಾರೀಲೇ ವಾಪಸ್ ಬಂದ್ವಲ್ಲ, ಎಲ್ಲಾ ಮೊದಲಿನ ಹಾಗೇ ಇರ್ಬೇಕು ಅನ್ಸುತ್ತೆ. ನೋಡಿದ್ರೆ ಹಂಗಿರಲ್ಲ. 16ರಲ್ಲಿ 13 ಬಿಲ್ಲೆ ಇದ್ದಲ್ಲೇ ಇರ್ತವೆ, ಮೂರು ಮೂಲೆ ಮಾತ್ರ ಬದಲಾಗಿರುತ್ತೆ: 1 ಇದ್ದಲ್ಲಿ 4 ಬಂದಿದೆ, 4 ಇದ್ದಲ್ಲಿ 13, 13 ಇದ್ದಲ್ಲಿ 1. ಇನ್ನೆರಡು ಸಲ ಅದೇ ನಾಲ್ಕು ಚಲನೆ ಮಾಡಿ, ಎಲ್ಲಾ ಮೊದಲಿನ ಹಾಗಾಗುತ್ತೆ. ನಾನು ಮೊದಲ ಸಲ ಇದನ್ನ ಕಂಡಾಗ ರಾತ್ರಿ ಊಟಕ್ಕೆ ಕರೀತಿದ್ರೂ ಏಳದೇ ಮತ್ತೆ ಮತ್ತೆ ಮಾಡಿ ನೋಡಿದ್ದೆ. ಅಡ್ಡಸಾಲು ಕಂಬಸಾಲು ಎರಡೂ ಸೇರೋದು ಒಂದೇ ಮನೇಲಿ, ಹಂಗಾಗಿ ಗಲಾಟೆ ಎಲ್ಲಾ ಆ ಮನೆ ಸುತ್ತ ಮೂರೇ ಬಿಲ್ಲೆಗೆ ನಿಂತುಹೋಗುತ್ತೆ. ರೂಬಿಕ್ಸ್ ಕ್ಯೂಬ್ ಆಡೋರೂ ಇದೇ ಉಪಾಯ ಬಳಸ್ತಾರೆ, ಗಣಿತದಲ್ಲಿ ಇದಕ್ಕೆ ಕಮ್ಯುಟೇಟರ್ ಅಂತ ಹೆಸರು.

ಈಗ ನಿಮ್ಮ 15 ಮತ್ತು 16. ಮೂರನ್ನ ತಿರುಗಿಸೋದು ಗೊತ್ತಾಯ್ತು, ಆದ್ರೆ ನಿಮಗೆ ಎರಡನ್ನ ಬದಲಾಯಿಸ್ಬೇಕು, ಮೂರರ ಆಟ ಎಷ್ಟು ಸಲ ಆಡಿದ್ರೂ ಎರಡರ ಅದಲು ಬದಲು ಆಗಲ್ಲ. ವಾರ ಪೂರ್ತಿ ನೀವು ಸಿಕ್ಕಾಕ್ಕೊಂಡಿದ್ದು ಅಲ್ಲೇ ಅನ್ಸುತ್ತೆ, ಸರಿಯಾಗಿ ಕೂತ ಕೊನೇ ಸಾಲನ್ನ ಕೆಡಿಸೋಕೆ ಮನಸ್ಸು ಬರಲ್ಲ. ಧೈರ್ಯವಾಗಿ ಕೆಡಿಸಿ. ನಿಮ್ಮ ಕೊನೇ ಸಾಲು 13, 14, 16, 15 ಅಂತ ಇದೆ. ಅದನ್ನ ಎಡಕ್ಕೆ ಒಂದು ಮನೆ ಸರಿಸಿ: 14, 16, 15, 13 ಆಯ್ತು. ಗಮನಿಸಿ ನೋಡಿ, 15 ತನ್ನ ಮೂರನೇ ಮನೇಲಿ ಬಂದು ಕೂತ್ಬಿಟ್ಟಿದೆ! ಉಳಿದಿದ್ದು 13, 14, 16, ಮೂರು. ಮೂರನ್ನ ತಿರುಗಿಸೋದು ನಮಗೆ ಗೊತ್ತು.

ಆದ್ರೆ ಆ ಮೂರೂ ಒಂದೇ ಸಾಲಲ್ಲಿವೆ, ನಮ್ಮ ಉಪಾಯಕ್ಕೆ ಒಂದು ಮೂಲೆ ಆಕಾರ ಬೇಕು. ಅದಕ್ಕೆ 16ನ್ನ ಸ್ವಲ್ಪ ಹೊತ್ತು ಮೇಲಿನ ಸಾಲಿಗೆ ಕಳಿಸೋಣ: ಎರಡನೇ ಕಂಬಸಾಲು ಮೇಲಕ್ಕೆ, ಮೂರನೇ ಅಡ್ಡಸಾಲು ಎಡಕ್ಕೆ. ಈಗ 16 ಸೀದಾ 14ರ ತಲೆ ಮೇಲೆ ಬಂದಿರುತ್ತೆ. ನೋಡೋಕೆ ಎಲ್ಲಾ ಹಾಳಾದ ಹಾಗೆ ಕಾಣ್ಸುತ್ತೆ, ಹೆದರ್ಬೇಡಿ. ಕೊನೇ ಅಡ್ಡಸಾಲು ಬಲಕ್ಕೆ, ಮೊದಲ ಕಂಬಸಾಲು ಕೆಳಕ್ಕೆ, ಕೊನೇ ಅಡ್ಡಸಾಲು ಎಡಕ್ಕೆ, ಮೊದಲ ಕಂಬಸಾಲು ಮೇಲಕ್ಕೆ. ಅದೇ ಬಲ, ಕೆಳಗೆ, ಎಡ, ಮೇಲೆ. ಆಮೇಲೆ ತಾತ್ಕಾಲಿಕವಾಗಿ ಮಾಡಿದ್ದನ್ನ ವಾಪಸ್ ತಗೊಳ್ಳಿ: ಮೂರನೇ ಅಡ್ಡಸಾಲು ಬಲಕ್ಕೆ, ಎರಡನೇ ಕಂಬಸಾಲು ಕೆಳಕ್ಕೆ. ಆಯ್ತು. ಒಟ್ಟು ಒಂಬತ್ತು ಚಲನೆ, 1ರಿಂದ 16 ಎಲ್ಲಾ ತಮ್ಮ ತಮ್ಮ ಮನೇಲಿ. ಇದನ್ನ ಕಾಗದದ ಮೇಲೆ ಒಂದೊಂದೇ ಹೆಜ್ಜೆ ಬರೆದು ನೋಡಿಯೇ ನಿಮಗೆ ಹೇಳ್ತಿದೀನಿ, ನೀವೂ ಬರೆದು ನೋಡಿ, ಬಾಯಿಪಾಠ ಮಾಡೋದಕ್ಕಿಂತ ಅದ್ರಲ್ಲೇ ಸುಖ ಜಾಸ್ತಿ.

ಹಳೇ ಹದಿನೈದರ ಆಟದಲ್ಲಿ ಇದೇ ಥರ 14, 15 ಅದಲು ಬದಲಾಗಿದ್ರೆ ಏನು ಮಾಡಿದ್ರೂ ಸರಿ ಹೋಗಲ್ಲ, ಜಾನ್ಸನ್ ಮತ್ತು ಸ್ಟೋರಿ ಅನ್ನೋ ಇಬ್ಬರು 1879ರಲ್ಲೇ ಅಮೆರಿಕದ ಗಣಿತ ಪತ್ರಿಕೇಲಿ ಅದನ್ನ ಸಾಧಿಸಿ ತೋರಿಸಿದ್ರು. ಆಮೇಲೂ ಸ್ಯಾಮ್ ಲಾಯ್ಡ್ ಅದನ್ನ ಬಿಡಿಸಿದೋರಿಗೆ 1000 ಡಾಲರ್ ಅಂತ ಘೋಷಿಸಿದ್ರು, ಯಾರಿಗೂ ಸಿಗಲಿಲ್ಲ, ಸಿಗೋ ಹಾಗೇ ಇರ್ಲಿಲ್ಲ. ನಮ್ಮ ಆಟ ಹಂಗಲ್ಲ. ನಾಲ್ಕು ಬೈ ನಾಲ್ಕರಲ್ಲಿ ಬಿಲ್ಲೆಗಳನ್ನ ಹೆಂಗೇ ಇಟ್ರೂ, 2,09,22,78,98,88,000 ಥರ ಇಡಬಹುದು, ಸುಮಾರು 21 ಲಕ್ಷ ಕೋಟಿ, ಅಷ್ಟನ್ನೂ ಬಿಡಿಸೋಕಾಗುತ್ತೆ.

ಪ್ರಶ್ನೆ: ನಮ್ಮನೇಲಿ ಫೋನ್ ಕೊಡಲ್ಲ ಅಂತ ಮಗಳಿಗೆ ರಟ್ಟು ಕತ್ತರಿಸಿ ಮೂರು ಬೈ ಮೂರರ ಆಟ ಮಾಡ್ಕೊಟ್ಟೆ. ಅವಳು ಒಂಬತ್ತು ಚೂರನ್ನೂ ಕಣ್ಮುಚ್ಚಿ ಇಟ್ಲು. ಈಗ 8 ಮತ್ತು 9 ಅದಲು ಬದಲು, ಏನು ಮಾಡಿದ್ರೂ ಬರ್ತಿಲ್ಲ, ಅವಳು ಅಳ್ತಿದಾಳೆ. (ತುಮಕೂರಿಂದ)

ಉತ್ತರ: ಅಳಬೇಡ ಅನ್ನಿ ಮೇಡಂ, ಅವಳು ಸರಿಯಾಗೇ ಆಡ್ತಿದಾಳೆ, ಆ ಜೋಡಣೆನೇ ಬಿಡಿಸೋಕಾಗದ್ದು. ಈಗಷ್ಟೇ ನಾಲ್ಕು ಬೈ ನಾಲ್ಕರಲ್ಲಿ ಎಲ್ಲಾ ಆಗುತ್ತೆ ಅಂದೆ, ಮೂರು ಬೈ ಮೂರರಲ್ಲಿ ಯಾಕಾಗಲ್ಲ ಅಂದ್ರೆ ಲೆಕ್ಕ ಹೀಗಿದೆ. ನಾಲ್ಕರ ಸಾಲನ್ನ ಒಂದು ಮನೆ ಸರಿಸೋದು ಅಂದ್ರೆ ಪಕ್ಕಪಕ್ಕದ ಬಿಲ್ಲೆಗಳನ್ನ ಮೂರು ಸಲ ಅದಲು ಬದಲು ಮಾಡಿದ ಹಾಗೆ: 1 2 3 4 ಇದ್ದಿದ್ದು 4 1 2 3 ಆಗ್ಬೇಕಾದ್ರೆ 4 ಒಬ್ಬೊಬ್ಬರನ್ನಾಗಿ ಮೂರು ಜನರನ್ನ ದಾಟಿ ಬರ್ಬೇಕು. ಮೂರರ ಸಾಲಲ್ಲಿ ದಾಟ್ಬೇಕಿರೋದು ಇಬ್ಬರನ್ನ. ಅಂದ್ರೆ ಮೂರು ಬೈ ಮೂರರಲ್ಲಿ ಒಂದೊಂದು ಸಲ ಸರಿಸಿದಾಗ್ಲೂ ಎರಡೆರಡು ಅದಲು ಬದಲು, ಎಷ್ಟು ಸಲ ಸರಿಸಿದ್ರೂ ಮೊತ್ತ ಸಮಸಂಖ್ಯೆನೇ. ನಿಮಗೆ ಬೇಕಿರೋದು ಒಂದೇ ಒಂದು ಅದಲು ಬದಲು, ಬೆಸ. ಎರಡೆರಡು ರೂಪಾಯಿ ನಾಣ್ಯದಲ್ಲಿ ಮೂರು ರೂಪಾಯಿ ಕೊಡೋಕಾಗುತ್ತಾ?

ಒಂಬತ್ತು ಚೂರನ್ನ 3,62,880 ಥರ ಇಡಬಹುದು, ಅದ್ರಲ್ಲಿ ಸರೀ ಅರ್ಧ, 1,81,440 ಮಾತ್ರ ಬಿಡಿಸೋಕಾಗೋವು. ಕಣ್ಮುಚ್ಚಿ ಇಟ್ರೆ ಅರ್ಧಕ್ಕರ್ಧ ಸಲ ಹೀಗೇ ಆಗುತ್ತೆ. ಮುಂದಿನ ಸಲ ಮೊದಲು ವರಸೆಯಾಗಿ ಜೋಡಿಸಿಟ್ಟು ಆಮೇಲೆ ಸಾಲು ಸರಿಸಿ ಸರಿಸಿನೇ ಕಲಸಿ, ಆಗ ಖಂಡಿತ ವಾಪಸ್ ಬರುತ್ತೆ. ಇವತ್ತಿಗೆ ಮಾತ್ರ ಆ 8, 9 ಎರಡನ್ನ ಕೈಯಲ್ಲೇ ಎತ್ತಿ ಬದಲಾಯಿಸಿ ಕೊಡಿ, ಗೆದ್ದಳು ಅಂತಲೇ ಲೆಕ್ಕ.

ಪ್ರಶ್ನೆ: ಫೋನಲ್ಲಿ ಹುಡುಕಿದ್ರೆ ಇಂಥ ಆಟ ಬೇಕಾದಷ್ಟಿವೆ, ಆದ್ರೆ ಎರಡು ಸಲ ಸರಿಸಿದ್ರೆ ಒಂದು ಜಾಹೀರಾತು ಬರುತ್ತೆ. ಮಕ್ಕಳ ಕೈಗೆ ಕೊಡೋಕೆ ಭಯ. (ದಾವಣಗೆರೆಯಿಂದ)

ಉತ್ತರ: ಟಾಥಮ್ ಅವರ ಸಂಗ್ರಹ ಪೂರ್ತಿ ಉಚಿತ, ಜಾಹೀರಾತು ಇಲ್ಲ, ಸೋರ್ಸ್ ಕೋಡೂ ಎಲ್ಲರಿಗೂ ಬಿಟ್ಟಿದಾರೆ. ಕಂಪ್ಯೂಟರಲ್ಲಿ, ಬ್ರೌಸರಲ್ಲಿ, ಆಂಡ್ರಾಯ್ಡ್ ಫೋನಲ್ಲೂ ಸಿಗುತ್ತೆ, ಫೋನಲ್ಲಿ ಒಂದು ಸಲ ಹಾಕ್ಕೊಂಡ್ರೆ ನೆಟ್ ಬೇಡ. ಸಿಕ್ಸ್‌ಟೀನ್ ಜತೆ ನೆಟ್‌ಸ್ಲೈಡ್ ಅಂತ ಇನ್ನೊಂದಿದೆ, ಅದ್ರಲ್ಲಿ ನಂಬರ್ ಬದಲು ವೈರಿನ ತುಂಡುಗಳು, ಸಾಲು ಸರಿಸಿ ಎಲ್ಲಾ ಕನೆಕ್ಷನ್ ಜೋಡಿಸ್ಬೇಕು, ನಡುವಿನ ಸಾಲುಗಳು ಮಾತ್ರ ಅಲುಗಾಡಲ್ಲ. ಮಕ್ಕಳಿಗೆ ಕೊಡೋವಾಗ ಒಂದು ಮಾತು: ಸಿಕ್ಸ್‌ಟೀನ್‌ನಲ್ಲಿ ಕಸ್ಟಮ್‌ಗೆ ಹೋದ್ರೆ ಎಷ್ಟು ಚಲನೇಲಿ ಕಲಸ್ಬೇಕು ಅಂತ ನಾವೇ ಹೇಳಬಹುದು. ಎರಡು ಅಂತ ಹಾಕಿ ಕೊಡಿ, ಎರಡೇ ಚಲನೇಲಿ ವಾಪಸ್ ತರ್ಬೇಕು ಅನ್ನಿ, ಆಮೇಲೆ ಮೂರು, ಆಮೇಲೆ ನಾಲ್ಕು. ಮೊದಲ ದಿನವೇ ಪೂರ್ತಿ ಕಲಸಿದ್ದು ಕೊಟ್ಟು ಮಗು ಸುಸ್ತಾಗಿ ಬಿಟ್ಬಿಡೋದಕ್ಕಿಂತ ಇದು ಎಷ್ಟೋ ವಾಸಿ.

ಪ್ರಶ್ನೆ: ಅಮ್ಮನಿಗೆ 70 ದಾಟಿದೆ, ಮರೆವು ಜಾಸ್ತಿ ಆಗ್ತಿದೆ. ಇಂಥ ಆಟ ಆಡಿಸಿದ್ರೆ ನೆನಪಿನ ಶಕ್ತಿ ಬರುತ್ತಾ? (ಬೆಂಗಳೂರಿಂದ)

ಉತ್ತರ: ಆ ಭರವಸೆ ನಾನು ಕೊಡಲ್ಲ. ಒಂದು ಆಟ ಆಡ್ತಾ ಆಡ್ತಾ ಆ ಆಟ ಚೆನ್ನಾಗಿ ಬರುತ್ತೆ, ಅಷ್ಟು ಗ್ಯಾರಂಟಿ. ಮಿದುಳಿನ ಆಟದಿಂದ ಮರೆವು ತಡೀಬಹುದು ಅಂತ ಆಧಾರ ಇಲ್ಲದೇ ಜಾಹೀರಾತು ಕೊಟ್ಟಿದ್ದಕ್ಕೆ ಅಮೆರಿಕದಲ್ಲಿ ಲುಮಾಸಿಟಿ ಕಂಪನಿ 2016ರಲ್ಲಿ 20 ಲಕ್ಷ ಡಾಲರ್ ಕಟ್ಬೇಕಾಯ್ತು. ಅಮ್ಮನ್ನ ಮೊದಲು ಡಾಕ್ಟರಿಗೆ ತೋರ್ಸಿ, ದಯವಿಟ್ಟು ಮುಂದೂಡ್ಬೇಡಿ. ಆಟ ಅವರಿಗೆ ಇಷ್ಟ ಆದ್ರೆ ಪಕ್ಕದಲ್ಲಿ ಕೂತು ಜತೇಲಿ ಆಡಿ.

ಪ್ರಶ್ನೆ: ನಾನು ಪ್ರಾಥಮಿಕ ಶಾಲೆ ಶಿಕ್ಷಕಿ. ನಂಬರ್ ಬದಲು ಕನ್ನಡ ಅಕ್ಷರ ಹಾಕಿ ಈ ಆಟ ಮಾಡಬಹುದಾ? ಎಷ್ಟು ಅಕ್ಷರ ತಗೊಂಡ್ರೆ ಚೆನ್ನಾಗಿರುತ್ತೆ? (ಕೊಪ್ಪಳ ಜಿಲ್ಲೆಯಿಂದ)

ಉತ್ತರ: ಟೀಚರ್, ನಿಮ್ಮ ಪತ್ರ ಓದಿದ ದಿನದಿಂದ ನನ್ನ ತಲೇಲಿ ಇದೇ ಓಡ್ತಿದೆ. ಲೂಪೋವರ್ ಅಂತ ಇದೇ ಜಾತಿಯ ಇನ್ನೊಂದು ಆಟ ಇದೆ, ಐದು ಬೈ ಐದು, ಅದ್ರಲ್ಲಿ ಇಂಗ್ಲಿಷಿನ ಎಯಿಂದ ವೈ ತನಕ 25 ಅಕ್ಷರ. ಚೌಕಕ್ಕೆ ಹಿಡಿಸ್ಲಿಲ್ಲ ಅಂತ ಪಾಪ ಝಡ್ ಆಚೆ ನಿಂತಿದೆ. ನಮ್ಮಲ್ಲಿ ನೋಡಿ, ವರ್ಗೀಯ ವ್ಯಂಜನ ಕರೆಕ್ಟಾಗಿ 25, ಐದು ಸಾಲು, ಸಾಲಿಗೆ ಐದು. ಯಾವುದನ್ನೂ ಬಿಡ್ಬೇಕಿಲ್ಲ, ಯಾವುದನ್ನೂ ತುರುಕ್ಬೇಕಿಲ್ಲ. ಅಷ್ಟೇ ಅಲ್ಲ, ಇಂಗ್ಲಿಷಲ್ಲಿ ಎಫ್ ಅಕ್ಷರ ಎ ಕೆಳಗೆ ಯಾಕೆ ಕೂರ್ಬೇಕು ಅಂದ್ರೆ ಕಾರಣ ಏನೂ ಇಲ್ಲ, ಐದಕ್ಕೆ ಸಾಲು ಮುಗೀತು ಅಷ್ಟೇ. ನಮ್ಮ ಚೌಕದಲ್ಲಿ ಅಡ್ಡಸಾಲಿಗೂ ಅರ್ಥ ಇದೆ, ಕಂಬಸಾಲಿಗೂ ಅರ್ಥ ಇದೆ. ಅಡ್ಡಸಾಲು ಅಂದ್ರೆ ಬಾಯಲ್ಲಿ ಹುಟ್ಟೋ ಜಾಗ, ಗಂಟಲಿಂದ ಕ ಸಾಲು, ಅಂಗುಳಿಂದ ಚ, ಹಲ್ಲಿಂದ ತ, ತುಟೀಲಿ ಪ. ಕಂಬಸಾಲು ಅಂದ್ರೆ ಉಸಿರಿನ ರೀತಿ: ಎರಡನೇ ಕಂಬ ಖ ಛ ಠ ಥ ಫ ಎಲ್ಲಾ ಮಹಾಪ್ರಾಣ, ಕೊನೇ ಕಂಬ ಙ ಞ ಣ ನ ಮ ಎಲ್ಲಾ ಮೂಗಿಂದ ಬರೋವು.

ಮಗು ಆಡೋವಾಗ ಧ ಕೈಗೆ ಬಂತು ಅಂದ್ಕೊಳ್ಳಿ. ನಂಬರ್ ಆದ್ರೆ 19ನೇ ಮನೆ ಎಲ್ಲಿ ಅಂತ ಎಣಿಸ್ಬೇಕು. ಇಲ್ಲಿ ಬಾಯಲ್ಲಿ ಒಂದು ಸಲ ಧ ಅಂತ ಅಂದು ನೋಡಿದ್ರೆ ಸಾಕು, ನಾಲಿಗೆ ಹಲ್ಲಿಗೆ ತಾಗ್ತು, ಹಂಗಾದ್ರೆ ತ ಸಾಲು, ಉಸಿರು ಒತ್ತಿ ಬಂತು, ಜತೆಗೆ ಗಂಟಲೂ ನಡುಗ್ತು (ಥ ಅಂದ್ರೆ ಹಂಗೆ ನಡುಗಲ್ಲ), ಹಂಗಾದ್ರೆ ಘ ಝ ಢ ಇರೋ ಕಂಬ. ಎರಡೂ ಸೇರೋ ಮನೆ ಒಂದೇ, ಅದೇ ಅದರ ಮನೆ. ಇಂಥ ಚೌಕ ನಮಗೆ ಸಾವಿರಾರು ವರ್ಷದ ಹಿಂದೇನೇ ಮಾಡಿಟ್ಟು ಹೋಗಿದಾರೆ, ನಾವು ಅದನ್ನ ಬರೀ ಗೋಡೆ ಚಾರ್ಟ್ ಮಾಡಿ ನೇತುಹಾಕಿದೀವಿ, ಸರಿಸಿ ನೋಡೋಕೆ ಒಂದು ಪಜಲ್ ಮಾಡಿಕೊಟ್ರೆ ಮಕ್ಕಳು ಎಷ್ಟು ಬೇಗ ಹಿಡೀತಾರೆ ಅಂತ ಯೋಚ್ನೆ ಮಾಡಿ.

ಮಾಡೋದು ಕಷ್ಟ ಇಲ್ಲ. ಮದುವೆ ಕಾರ್ಡಿನಂಥ ದಪ್ಪ ಕಾಗದದಲ್ಲಿ ಎರಡಿಂಚಿನ 25 ಚೌಕ, ಮೇಲೆ ಸ್ಕೆಚ್ ಪೆನ್ನಲ್ಲಿ ದೊಡ್ಡದಾಗಿ ಅಕ್ಷರ, ಕೆಳಗೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆ. ಸಾಲು ಸರಿಸೋಕೆ ಒಬ್ಬ ಮಗು ತುದೀದನ್ನ ಎತ್ಕೊಳ್ಳೋದು, ಇನ್ನೊಬ್ಬ ನಾಲ್ಕನ್ನ ತಳ್ಳೋದು, ಎತ್ಕೊಂಡಿದ್ದನ್ನ ಈ ಕಡೆ ಖಾಲಿಯಾದ ಮನೇಲಿ ಇಡೋದು. ಮೇಲೆ ತುಮಕೂರಿನ ಮಗಳಿಗೆ ಹೇಳಿದ್ದು ಇಲ್ಲೂ ನೆನಪಿರ್ಲಿ: ಐದರ ಸಾಲಲ್ಲೂ ಒಂದು ಸಲ ಸರಿಸಿದ್ರೆ ನಾಲ್ಕು ಅದಲು ಬದಲು, ಸಮಸಂಖ್ಯೆ. ಹಂಗಾಗಿ ಚೂರುಗಳನ್ನ ಡಬ್ಬೀಲಿ ಕುಲುಕಿ ಸುರಿದು ಶುರು ಮಾಡಿದ್ರೆ ಅರ್ಧ ಸಲ ಕೊನೆಗೆ ಎರಡು ಅಕ್ಷರ ಅದಲು ಬದಲಾಗೇ ಉಳಿಯುತ್ತೆ, ಮಕ್ಕಳು ತಮಗೇ ಬರಲ್ಲ ಅಂದ್ಕೊಂಡ್ಬಿಡ್ತಾರೆ. ಯಾವಾಗ್ಲೂ ಜೋಡಿಸಿಟ್ಟು, ಸರಿಸಿ ಕಲಸಿ.

ಮೊದಲ ದಿನಕ್ಕೆ ಒಂದು ನಾನೇ ಕಲಸಿ ಕೊಡ್ತೀನಿ, ಬರೀ ಎರಡು ಚಲನೇಲಿ ಕಲಸಿದ್ದು, ಬೋರ್ಡ್ ಮೇಲೆ ಹಿಂಗೇ ಬರೀರಿ:

ಕ ಖ ಗ ಘ ಮ
ಚ ಛ ಜ ಝ ಙ
ಟ ಠ ಡ ಢ ಞ
ನ ತ ಥ ದ ಣ
ಪ ಫ ಬ ಭ ಧ

ಎರಡೇ ಸಲ ಸರಿಸಿ ಸರಿ ಮಾಡ್ಬೇಕು. ಉತ್ತರ ಇಲ್ಲಿ ಬರೆಯಲ್ಲ, ಮಕ್ಕಳೇ ಹೇಳ್ಲಿ. ತುಂಬಾ ಹೊತ್ತು ಸಿಕ್ಕಾಕ್ಕೊಂಡ್ರೆ ತುಟಿ ಮುಚ್ಚಿ ಮ ಅನ್ನೋಕೆ ಹೇಳಿ, ಆಮೇಲೆ ಅದು ಕ ಸಾಲಿಗೆ ಹೆಂಗೆ ಬಂತು ಅಂತ ಕೇಳಿ.